ಕಂಪ್ಯೂಟರಿಗೆ ಟವೆಲ್ಲು ಹೊದಿಸುತ್ತಿದ್ದ ಸೌಂಡಪ್ಪಣ್ಣ

ಸೌಂಡಪ್ಪಣ್ಣ ನಮ್ಮ ಆಫೀಸಿಗೆ ಬಂದ ದಿನ ಒಂದು ಸಾವು ಖಂಡಿತ.

ಎರಡು ತಿಂಗಳಿಗೊಮ್ಮೆ, ಮುಂಚೆ ಹೇಳದೆ, ಬೆಳಗ್ಗೆ ಒಂಬತ್ತೂವರೆಯ ಹೊತ್ತಿಗೆ ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಮೇಲಿನ ಕೆಂಪಂಚಿನ ಟವೆಲ್ಲು ತೆಗೆದು ಒಮ್ಮೆ ಕೊಡವುವರು. ನಮ್ಮ ಮೂರು ಕಂಪ್ಯೂಟರುಗಳನ್ನು ಹೆಣ್ಣು ನೋಡಲು ಬಂದವರ ಹಾಗೆ ಒಂದೊಂದಾಗಿ ನೋಡುವರು. ಆಮೇಲೆ ಯಾವುದೋ ಒಂದನ್ನು ಮರ್ಯಾದೆಯಿಂದ ಆಫ್ ಮಾಡಿ, ವಯರು ಕಿತ್ತು, ಪರದೆಯ ಮೇಲೆ ಆ ಟವೆಲ್ಲನ್ನು ಸುಕ್ಕಿಲ್ಲದಂತೆ ಹೊದಿಸುವರು.

“ಇದು ಹೋಗಿಬಿಡ್ತು ತಂಬಿ. ಸಂಜೆವರೆಗೂ ಎದ್ದು ಬರಲ್ಲ. ಈಗ ನಿಮ್ಮ ವೇಲೆ, ನಿಮ್ಮ ಕೆಲಸ ನಡೀಲಿ, ನಾನು ನೋಡ್ತೀನಿ.”

ಅಷ್ಟು ಹೇಳಿ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟೀ ತರಿಸಿಕೊಳ್ಳುವರು. ಬೇರೆಯವರು ಕಂಪ್ಯೂಟರು ಕೆಟ್ಟಾಗ ರಿಪೇರಿಯವರನ್ನು ಕರೆಯುತ್ತಾರೆ. ನಾವು ಚೆನ್ನಾಗಿರುವುದನ್ನು ಕೆಡಿಸಲು ಕಾರಮಡೈಯ ಒಬ್ಬರನ್ನು ಗೊತ್ತುಮಾಡಿಕೊಂಡಿದ್ದೆವು.

ನನ್ನದು ತಿರುಪ್ಪೂರಿನ ಹೊರವಲಯದಲ್ಲಿ ಆರು ಮಗ್ಗಗಳ ಒಂದು ಲೇಬಲ್ ಘಟಕ. ನಿಮ್ಮ ಟೀ ಶರ್ಟಿನ ಕೊರಳ ಹಿಂದೆ ಕೆರೆಯುತ್ತದಲ್ಲ, ಅಳತೆ, ಒಗೆಯುವ ರೀತಿ ಎಲ್ಲ ನೇಯ್ದಿರುವ ಆ ಚೀಟಿ, ಅದು ನಾನು. ನಮ್ಮಪ್ಪ ಕೈಮಗ್ಗದಲ್ಲಿ ಹದಿನೆಂಟು ಮೊಳದ ಸೀರೆ ನೇಯ್ದರು. ನಾನು ಹೆಬ್ಬೆಟ್ಟಿನಗಲದ ಚೀಟಿ ನೇಯುತ್ತೇನೆ. ವಂಶ ಎಷ್ಟು ಕಿರಿದಾಯಿತು ಎಂದು ನೀವೇ ಲೆಕ್ಕ ಹಾಕಿ. ಆದರೆ ಆ ಹೆಬ್ಬೆಟ್ಟಿನಗಲದ ಚೀಟಿ ಬಾರದಿದ್ದರೆ ಸಾವಿರಾರು ಅಂಗಿಗಳು ಡಬ್ಬಕ್ಕೆ ಇಳಿಯುವುದಿಲ್ಲ, ಲಾರಿ ಹೊರಡುವುದಿಲ್ಲ. ಒಮ್ಮೆ ನಮ್ಮಿಂದ ಲಾರಿ ನಿಂತರೆ ಆ ಎಕ್ಸ್‌ಪೋರ್ಟ್ ಕಂಪನಿ ಮತ್ತೆ ನಮ್ಮ ಬೀದಿಗೆ ಕಾಲಿಡುವುದಿಲ್ಲ. ಪಕ್ಕದ ಬೀದಿಯಲ್ಲೇ ಇನ್ನೂ ನಾಲ್ಕು ಲೇಬಲ್ ಘಟಕಗಳಿವೆ.

ಇದನ್ನು ನೆನೆದು ನಾನು ಹೆದರುತ್ತೇನೆ. ಸುಮ್ಮನೆ ಅಲ್ಲ, ಶ್ರದ್ಧೆಯಿಂದ ಹೆದರುತ್ತೇನೆ. ಮನೆಯಿಂದ ಹೊರಟವನು ಬೀಗ ಜಗ್ಗಿ ನೋಡಲು ಎರಡು ಸಲ ವಾಪಸು ಬರುತ್ತೇನೆ. ಮೂರನೆಯ ಸಲ ಬಂದರೆ ಹೆಂಡತಿ ಒಳಗಿನಿಂದಲೇ “ನಾನು ಮನೇಲೇ ಇದೀನಿ” ಎಂದು ಕೂಗುತ್ತಾಳೆ. ಅವಳು ಕೊಳ್ಳೇಗಾಲದವಳು. ನಾನು ಮನೆಯಲ್ಲಿ ಹುಟ್ಟಿನಿಂದ ಆಡುತ್ತಿದ್ದ ಕನ್ನಡಕ್ಕೆ, ನನಗೆ ನಲವತ್ತು ದಾಟಿದ ಮೇಲೆ, ಅಕ್ಷರ ಕಲಿಸಿದವಳು ಅವಳೇ. ಹೆದರಿಕೆ ಮಾತ್ರ ನನ್ನ ಸ್ವಂತದ್ದು. ಅದಕ್ಕೆ ನಮ್ಮಲ್ಲಿ ‘ಕವಲೆ’ ಎನ್ನುತ್ತೇವೆ, ತಮಿಳಿನಿಂದ ಪಡೆದು ಹಿಂತಿರುಗಿಸದ ಅನೇಕ ಮಾತುಗಳಲ್ಲಿ ಒಂದು.

ಸೌಂಡಪ್ಪಣ್ಣ ನನ್ನನ್ನು ಮೊದಲ ದಿನವೇ ಓದಿಕೊಂಡರು. ಆವತ್ತು ಪ್ರಿಂಟರು ನೋಡಲೆಂದು ಯಾರೋ ಕಳಿಸಿದ್ದರು. ಪ್ರಿಂಟರು ಸರಿಮಾಡಿ, ಕೈಯೊರೆಸಿಕೊಳ್ಳುತ್ತ ಕೇಳಿದರು:

“ಡಿಸೈನೆಲ್ಲ ಒಂದೇ ಕಂಪ್ಯೂಟರಲ್ಲಿ ಇಟ್ಟಿದ್ದೀಯಲ್ಲ ತಂಬಿ, ಅದು ಹೋದರೆ?”

ಈ ಪ್ರಶ್ನೆಗೆ ನಾನು ವರ್ಷಗಳಿಂದ ಕಾದಿದ್ದೆ. ಎದೆಯುಬ್ಬಿಸಿ ಬೀರುವಿನಿಂದ ಹಾರ್ಡ್ ಡಿಸ್ಕು ತೆಗೆದೆ. “ಪ್ರತಿ ಶನಿವಾರ ನಾನೇ ಕೈಯಾರೆ ಕಾಪಿ ಮಾಡ್ತೀನಣ್ಣ. ನಾಲ್ಕು ವರ್ಷದಿಂದ ಒಂದು ವಾರ ತಪ್ಪಿಸಿಲ್ಲ.”

“ಬೇಷ್. ಎಲ್ಲಿ, ಅದರಿಂದ ಒಂದು ಡಿಸೈನು ತೆಗೆದು ತೋರಿಸು.”

ತೆಗೆದೆ. ತೆರೆಯಲಿಲ್ಲ. ಇನ್ನೊಂದು ಒತ್ತಿದೆ. ಅದೂ ಇಲ್ಲ. ನಾಲ್ಕು ವರ್ಷ ನಾನು ಕಾಪಿ ಮಾಡಿದ್ದು ಪರದೆಯ ಮೇಲಿದ್ದ ಸಣ್ಣ ಸಣ್ಣ ಚಿತ್ರಗಳನ್ನು. ಅವು ಡಿಸೈನಿಗೆ ದಾರಿ ತೋರಿಸುವ ಶಾರ್ಟ್‌ಕಟ್ಟುಗಳೇ ಹೊರತು ಡಿಸೈನುಗಳಲ್ಲ. ಇನ್ನೂರು ಶನಿವಾರ ನಾನು ಮನೆಯ ಬಾಗಿಲುಗಳನ್ನು ಮಾತ್ರ ಹೊತ್ತೊಯ್ದು ಭದ್ರವಾಗಿಟ್ಟಿದ್ದೆ.

ಡಿಸೈನ್ ಬಿಡಿಸುವ ಕವಿತಾ ತಲೆ ತಗ್ಗಿಸಿ ನಕ್ಕಳು. ಅವಳು ನಮ್ಮಲ್ಲಿ ಹನ್ನೆರಡು ವರ್ಷದಿಂದ ಇರುವವಳು; ಮಾತಾಡುವುದು ತಮಿಳಾದರೂ ನಮ್ಮ ಕನ್ನಡದ ಬೈಗುಳವೆಲ್ಲ ಅವಳಿಗೆ ಬರುತ್ತದೆ. ಸೌಂಡಪ್ಪಣ್ಣ ನಗಲಿಲ್ಲ. ಹೆಗಲಿನಿಂದ ಟವೆಲ್ಲು ತೆಗೆದರು. ಮೊದಲ ಸಾವು ಆವತ್ತೇ ಆಯಿತು.

“ಕವಲೆ ಪಡೋದು ಬೇರೆ, ನೋಡಿಕೊಳ್ಳೋದು ಬೇರೆ ತಂಬಿ. ನೀನು ಮೊದಲನೇದರಲ್ಲೇ ಸುಸ್ತಾಗಿಬಿಡ್ತೀಯ.”

ಅವರ ಅಪ್ಪ ಪಾವು ಪಿಣೆಯುವವರು. ಕೈಮಗ್ಗ ಕಾಣದವರಿಗೆ ಹೇಳುವುದಾದರೆ: ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲಿಗೆ ನಾವು ಪಾವು ಎನ್ನುತ್ತೇವೆ. ಸೀರೆ ನೇಯ್ದು ಮುಗಿದಾಗ ಆ ಹಾಸನ್ನು ಪೂರ್ತಿ ಕತ್ತರಿಸುವುದಿಲ್ಲ. ಒಂದು ಗೇಣು ತುದಿಯನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೆ ಹೊಸೆದು ಸೇರಿಸುತ್ತಾರೆ; ಪಿಣೆಯುವುದು ಎಂದರೆ ಅದೇ. ಹಳೆಯದು ಮುಂದೆ ಹೋಗುತ್ತ ಹೊಸದನ್ನು ತಾನೇ ದಾರಿ ತೋರಿಸಿ ಎಳೆದುಕೊಂಡು ಹೋಗುತ್ತದೆ. ತುದಿ ಕತ್ತರಿಸಿದರೋ, ಸಾವಿರಗಟ್ಟಲೆ ಎಳೆಗಳನ್ನು ಮೊದಲಿನಿಂದ ಕಣ್ಣಿ ಕಣ್ಣಿಗೆ ಪೋಣಿಸಬೇಕು. ಆ ಅಪ್ಪ ಬೆರಳಿಗೆ ಬೂದಿ ಹಚ್ಚಿಕೊಂಡು ಮನೆಮನೆಯ ಮಗ್ಗಕ್ಕೆ ಹೋಗಿ ಎಳೆ ಹೊಸೆದರು. ಮಗ ಮಿಲ್ಲಿನಲ್ಲಿ ಎಲೆಕ್ಟ್ರಿಶಿಯನ್ ಆಗಿ, ಮಿಲ್ಲು ಮುಚ್ಚಿದ ಮೇಲೆ ಕಂಪ್ಯೂಟರು ಕಲಿತರು. ಬೆರಳು ಮಾತ್ರ ಅಪ್ಪನದೇ: ಯೋಚನೆ ಮಾಡುವಾಗ ಹೆಬ್ಬೆರಳು ತೋರುಬೆರಳಿನ ನಡುವೆ ಇಲ್ಲದ ಎಳೆಯೊಂದನ್ನು ಹೊಸೆಯುತ್ತ ಕೂರುವರು.

ಅವರ ತಂತ್ರಜ್ಞಾನವೆಲ್ಲ ಅಲ್ಲಿಂದಲೇ ಬಂದದ್ದು. ನಾನು ಹೊಸ ಡಿಸೈನ್ ಕಂಪ್ಯೂಟರು ತಂದು, ಹಳೆಯದನ್ನು ಗುಜರಿಯವನಿಗೆ ಹಾಕಲು ಗೋಣಿಚೀಲದಲ್ಲಿ ತುಂಬಿಸಿದ್ದೆ. ಸೌಂಡಪ್ಪಣ್ಣ ಚೀಲ ಬಿಚ್ಚಿಸಿದರು.

“ಹಳೇ ಪಾವಿನ ತುದಿ ಕತ್ತರಿಸ್ತಾರಾ ಯಾರಾದರೂ? ನೀನು ನೇಯ್ಗೆಯವನ ಮಗನಾ, ಇಲ್ಲ ಕ್ಷೌರದ ಕತ್ತರಿ ಹಿಡಿದವನಾ?”

“ಅದು ಎದ್ದೇಳೋದಕ್ಕೇ ಹತ್ತು ನಿಮಿಷ ಬೇಕಣ್ಣ.”

“ನೀನೂ ಬೆಳಗ್ಗೆ ಹಾಗೇ ಏಳೋದು ಅಂತ ನಿಮ್ಮಮ್ಮ ಹೇಳ್ತಾರೆ. ಚೀಲಕ್ಕೆ ಹಾಕಿದಾರಾ ನಿನ್ನ?”

ಹಾಗೆ ಆ ಮುದಿ ಕಂಪ್ಯೂಟರು ಪತ್ರ ಟೈಪು ಮಾಡುವ ನೆವದಲ್ಲಿ ಕಿಟಕಿಯ ಪಕ್ಕ ಉಳಿಯಿತು. ಅದರೊಳಗಿನ ಡಿಸೈನ್ ಸಾಫ್ಟ್‌ವೇರೂ ಉಳಿಯಿತು. ಇನ್ನೊಂದು ಕಟ್ಟುಪಾಡು: ಮಗ್ಗದಿಂದ ಬಂದ ಪ್ರತಿ ಹೊಸ ಲೇಬಲಿನ ಮೊದಲ ತುಂಡನ್ನು ಒಂದು ದಪ್ಪ ಪುಸ್ತಕಕ್ಕೆ ಅಂಟಿಸಬೇಕು. ಮತ್ತೆ ಡಿಸೈನಿನ ಕಾಪಿಗಳು ಮೂರು: ಒಂದು ಆಫೀಸಿನ ಬೀರುವಿನಲ್ಲಿ, ಒಂದು ನಮ್ಮಮ್ಮನ ಅಕ್ಕಿ ಡ್ರಮ್ಮಿನಲ್ಲಿ, ಒಂದು ಕಾರಮಡೈಯ ಅವರ ಮನೆಯಲ್ಲಿ. “ಎರಡು ಡಿಸ್ಕು ಒಂದೇ ಸೂರಿನ ಕೆಳಗೆ ಮಲಗಬಾರದು. ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಕಳ್ಳ ಬಂದರೆ, ಒಂದೇ ಸೂರಿಗೆ ತಾನೇ.” ಬಂದಾಗಲೆಲ್ಲ ಅವರ ಚೀಲದಿಂದ ಒಂದು ಡಿಸ್ಕು ಹೊರಬರುತ್ತಿತ್ತು, ಹೊಸದಾಗಿ ತುಂಬಿಸಿಕೊಂಡು ಮತ್ತೆ ಬಸ್ಸು ಹತ್ತುತ್ತಿತ್ತು.

ಅವರಿಗೆ ನಮ್ಮಂಥ ಗಿರಾಕಿಗಳು ಇಪ್ಪತ್ತು ಮಂದಿ. ಮದುಕ್ಕರೈಯಲ್ಲಿ ಸಿಮೆಂಟು ಮಾರುವವರೊಬ್ಬರ ಕಂಪ್ಯೂಟರು ಆಗಾಗ ಬಿಸಿಯಾಗಿ ನಿಲ್ಲುತ್ತದೆಂದು ಹೋಗಿ ಬಿಚ್ಚಿದರಂತೆ. ವರ್ಷಾನುಗಟ್ಟಲೆ ಒಳಗೆ ಸೇರಿದ್ದ ಸಿಮೆಂಟು ಧೂಳು ಮಳೆಗಾಲದ ತೇವಕ್ಕೆ ಗಟ್ಟಿಯಾಗಿ ಕೂತಿತ್ತು. “ಫ್ಯಾನು ಹುಡುಕಲು ಉಳಿ ಬೇಕಾಯ್ತು ತಂಬಿ. ಮಾಲೀಕನಿಗೆ ಹೇಳಿದೆ, ಇದನ್ನ ಬಿಸಾಕಬೇಡಿ, ಅಸ್ತಿವಾರಕ್ಕೆ ಹಾಕಿ.” ಅದೇ ಮಾಲೀಕನಿಗೆ ಕಂಪ್ಯೂಟರಿನ ಪಕ್ಕದ ಗೋಡೆಯಲ್ಲಿ ದೊಡ್ಡಕ್ಷರದಲ್ಲಿ ಬರೆದಿದ್ದ ಪಾಸ್‌ವರ್ಡನ್ನು ಅಳಿಸಿ ಎಂದರೆ, ಮೊನ್ನೆ ತಾನೇ ಸುಣ್ಣ ಹೊಡೆಸಿದ್ದೇನೆ ಎಂದನಂತೆ.

ಕಂಪ್ಯೂಟರು ಸತ್ತ ದಿನಗಳಲ್ಲಿ ನಾವು ಕ್ರಮೇಣ ಬದುಕಲು ಕಲಿತೆವು. ಡಿಸೈನ್ ಕಂಪ್ಯೂಟರಿಗೆ ಟವೆಲ್ಲು ಬಿದ್ದರೆ ಕವಿತಾ ಗೊಣಗುತ್ತ ಪುಸ್ತಕದಿಂದ ಲೇಬಲ್ ಹುಡುಕುವಳು; ಭೂತಗನ್ನಡಿಯ ಕೆಳಗೆ ಎಳೆ ಎಣಿಸಿ, ಚೌಕಳಿ ಕಾಗದದಲ್ಲಿ ಗುರುತು ಹಾಕಿ, ಮುದಿ ಕಂಪ್ಯೂಟರಿನಲ್ಲಿ ಮತ್ತೆ ಬಿಡಿಸುವಳು. ಮೊದಲ ಸಲ ಒಂದು ಲೇಬಲಿಗೆ ಎರಡು ದಿನ ಹಿಡಿಯಿತು. ಆಮೇಲಾಮೇಲೆ ಅರ್ಧ ದಿನ.

ಇಷ್ಟಾದರೂ ನನ್ನ ಧೈರ್ಯಕ್ಕೆ ಒಂದೇ ಆಧಾರ: ಅವರ ಫೋನ್ ನಂಬರು. ಏನೇ ಆಗಲಿ, ಆಗುವ ಮುಂಚೆಯೇ ಫೋನು ಹಚ್ಚುತ್ತಿದ್ದೆ. ಒಂದು ಬೆಳಗ್ಗೆ ಅವರು ಬಂದರು, ಟವೆಲ್ಲು ಕೊಡವಿದರು, ಯಾವ ಕಂಪ್ಯೂಟರನ್ನೂ ಮುಟ್ಟಲಿಲ್ಲ. ನೇರ ಮೂಲೆಯ ಕುರ್ಚಿಗೆ ಹೋಗಿ ಕೂತು, “ಇವತ್ತು ಹೋಗಿರೋದು ನಾನು” ಎಂದವರೇ ಟವೆಲ್ಲನ್ನು ತಮ್ಮ ತಲೆಯ ಮೇಲೆ ಹೊದ್ದುಕೊಂಡುಬಿಟ್ಟರು.

ಹತ್ತೂವರೆಗೆ ಮಗ್ಗಕ್ಕೆ ಡಿಸೈನು ಕಳಿಸುವ ಲೈನು ಕೈಕೊಟ್ಟಿತು. ಅದರ ಜೋಡಣೆಯನ್ನು ಅವರೇ ಮಗ್ಗಗಳ ಪಕ್ಕ ಹಾದು ಒಳಗೆ ಬರುವಾಗ ಸಡಿಲಿಸಿದ್ದರು ಎಂಬುದು ಆಮೇಲೆ ಗೊತ್ತಾದದ್ದು.

“ಅಣ್ಣಾ,” ಎಂದೆ.

ಟವೆಲ್ಲು ಅಲ್ಲಾಡಲಿಲ್ಲ.

“ಅಣ್ಣಾ, ಸುಮ್ಮನೆ ಒಂದು ಮಾತು. ಕೆಂಪು ವಯರಾ, ನೀಲಿಯಾ?”

ಕವಿತಾ ನನ್ನನ್ನು ಪಕ್ಕಕ್ಕೆ ಸರಿಸಿದಳು. “ಸತ್ತೋರನ್ನ ಯಾಕೆ ಪೀಡಿಸ್ತೀರಿ ಸಾರ್, ಈ ಕಡೆ ಬನ್ನಿ.” ಅವಳೇ ಒಂದೊಂದು ವಯರನ್ನೂ ಜಗ್ಗಿ ನೋಡಿ ಸಡಿಲವಾದದ್ದನ್ನು ಹಿಡಿದಳು. ಹನ್ನೊಂದಕ್ಕೆ ಟೀ ಬಂದಾಗ ಟವೆಲ್ಲಿನ ಅಡಿಯಿಂದ ಒಂದು ಕೈ ಚಾಚಿ ಲೋಟ ತೆಗೆದುಕೊಂಡು ಒಳಗೆ ಹೋಯಿತು. ನಾನು ನೂರು ಸಾವು ನೋಡಿಲ್ಲ, ಆದರೆ ಸಕ್ಕರೆ ಕಮ್ಮಿ ಎಂದು ಲೋಟ ಹೊರಗೆ ತಳ್ಳಿದ ಹೆಣ ಅದೊಂದೇ ಇರಬೇಕು.

ಸಂಜೆ ಎದ್ದು ಟವೆಲ್ಲು ಮಡಿಸುತ್ತ ನನ್ನ ಕಡೆ ತಿರುಗಿದರು. “ಮುಂದಿನ ಸಲ ನಿನ್ನ ಸರದಿ. ನಿನ್ನ ತಲೆ ಮೇಲೆ ಹಾಕ್ತೀನಿ. ಈ ಆಫೀಸಲ್ಲಿ ಇನ್ನೂ ಕಾಪಿ ಮಾಡದೇ ಇರೋದು ನೀನೊಬ್ಬನೇ.”

“ಅಯ್ಯೋ, ಬೇಡಣ್ಣ,” ಎಂದೆ. ಮುಂದಿನ ಸಲ ಅವರು ಬಾಗಿಲಲ್ಲಿ ಕಂಡೊಡನೆ ನೂಲು ನೋಡಲು ಕೊಯಮತ್ತೂರಿಗೆ ಹೋಗುವ ನೆಪ ಮಾಡಿದೆ. ಅದರ ಮುಂದಿನ ಸಲ ಜ್ವರ. ನಾನಿಲ್ಲದೆ ಒಂದು ದಿನ ನಡೆದುಬಿಟ್ಟರೆ ಎನ್ನುವುದು, ನಡೆಯದಿದ್ದರೆ ಎನ್ನುವುದಕ್ಕಿಂತ ದೊಡ್ಡ ಕವಲೆ.

ಕೊನೆಯ ಸಲ ಅವರನ್ನು ಕಂಡದ್ದು ಆಡಿ ತಿಂಗಳಲ್ಲಿ, ನಿಮ್ಮ ಆಷಾಢದ ಹೊತ್ತಿಗೆ, ಆಸ್ಪತ್ರೆಯ ಹಾಸಿಗೆಯಲ್ಲಿ. ಎದೆಗೆ ವಯರು ಅಂಟಿಸಿದ್ದರು. ಅವರ ಹೆಂಡತಿ, ನಾವು ಅಕ್ಕ ಎನ್ನುವವರು, ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ಸೌಂಡಪ್ಪಣ್ಣ ದೂರು ಹೇಳಿದರು: “ಈ ಮಾನಿಟರಿಗೆ ಯುಪಿಎಸ್ ಎಲ್ಲಿದೆ ಅಂತ ನರ್ಸಮ್ಮನ್ನ ಕೇಳಿದೆ ತಂಬಿ. ‘ಸುಮ್ಮನೆ ಮಲಗಿ ತಾತ’ ಅಂದಳು. ವಯರು ಕಿತ್ತು ನೋಡಬೇಕು ಅನ್ನಿಸ್ತು. ನಿಮ್ಮಕ್ಕ ಬಿಡಲಿಲ್ಲ.” ನಾನು ನಕ್ಕೆ. ಹೊರಡುವಾಗ, “ನಿನ್ನ ಸರದಿ ಬಾಕಿ ಇದೆ,” ಎಂದರು. ಬೆರಳು ಹೊದಿಕೆಯ ಮೇಲೆ ಇಲ್ಲದ ಎಳೆಯನ್ನು ಹೊಸೆಯುತ್ತಿತ್ತು. ಆ ವಾರವೇ ಹೋದರು.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಅದೇ ವರ್ಷದ ಆಯುಧಪೂಜೆ.

ಹಿಂದಿನ ದಿನ ಅಕ್ಕಿ ಅಳೆಯಲು ಹೋದ ಅಮ್ಮ ಡ್ರಮ್ಮಿನಿಂದ ಡಿಸ್ಕು ಎತ್ತಿ ಹಿಡಿದು ಕೇಳಿದರು: “ಏನ್ ಕಣ್ಣು, ಆಫೀಸಿನದಕ್ಕೆ ಮಾತ್ರ ಪೂಜೆ, ಇದೇನು ಅನಾಥನಾ? ಇದಕ್ಕೂ ಒಂದು ಪೊಟ್ಟು ಇಡಬೇಡವಾ?” ಹಣೆಗೆ ಬೊಟ್ಟಿಲ್ಲದ ಆಯುಧ ವರ್ಷವಿಡೀ ಮುನಿಸಿಕೊಂಡಿರುತ್ತದೆ ಎಂಬುದು ಅಮ್ಮನ ನಂಬಿಕೆ. ಸೌಂಡಪ್ಪಣ್ಣ ಇಲ್ಲದ ಮೊದಲ ಪೂಜೆ. ದೇವಿಯ ಕೃಪೆ ಎಷ್ಟಿದ್ದರೂ ಸಾಲದು ಎಂಬುದು ನನ್ನ ಲೆಕ್ಕ. ಎರಡು ಡಿಸ್ಕುಗಳನ್ನೂ ಡಿಸೈನ್ ಕಂಪ್ಯೂಟರನ್ನೂ ತಂದು, ನಮ್ಮ ಕುಲದೇವಿ ಸೌಡಮ್ಮನ ಪಟದ ಮುಂದೆ ಒಂದೇ ಮಣೆಯ ಮೇಲೆ, ಲಾಳಿ ಕತ್ತರಿಗಳ ಜೊತೆ ಸಾಲಾಗಿ ಇಟ್ಟೆ. ಒಂದೇ ಸೂರು ಬಿಡಿ, ಒಂದೇ ಮಣೆ! ಗಂಧ, ಕುಂಕುಮ, ಚೆಂಡುಹೂವು. ಅಮ್ಮ ಮಾವಿನೆಲೆಯಿಂದ ಅರಿಸಿನ ನೀರನ್ನು ಧಾರಾಳವಾಗಿ ಚಿಮುಕಿಸಿದರು. ಕಂಪ್ಯೂಟರಿನ ಗಾಳಿಕಿಂಡಿಗಳಿಗೆ ಒಂದು ಕೈ ಹೆಚ್ಚೇ ಬಿತ್ತು. ನಾನು ತೆಂಗಿನಕಾಯಿ ಒಡೆದೆ. ನೀರು ಮಣೆಯ ಮೇಲೆ ಹರಿದು ಡಿಸ್ಕುಗಳ ಅಡಿಗೆ ಹೋಯಿತು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಕದಲಿಸಬಾರದಲ್ಲ, ಹಾಗಾಗಿ ರಾತ್ರಿಯಿಡೀ ಎರಡೂ ತೆಂಗಿನಕಾಯಿ ನೀರಿನಲ್ಲಿ ಕೂತಿದ್ದವು. ನಾವು ಪುರಿ ಕಡಲೆ ತಿಂದು ಮನೆಗೆ ಹೋದೆವು.

ಮರುದಿನ ಬೆಳಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿದೆ. ಚಟ್ ಎಂದಿತು, ಸುಟ್ಟ ಅರಿಸಿನದ ವಾಸನೆ ಬಂತು. ಗಾಬರಿಯಲ್ಲಿ ಮೊದಲ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿದೆ. ಅದು ಒಮ್ಮೆ ಮಿಣುಕಿ ಕಣ್ಣು ಮುಚ್ಚಿತು. ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸಿ ಎರಡನೆಯದನ್ನು ಒರೆಸಿ ಒಣಗಿಸುತ್ತಾನೆ. ನಾನು ಅದನ್ನೂ ಚುಚ್ಚಿದೆ.

ಮಗುವಿನ ಬಟ್ಟೆಗಳ ಹೊಸ ಆರ್ಡರೊಂದು ಆಗ ಮಗ್ಗದಲ್ಲಿತ್ತು. ನಾಲ್ಕು ಅಳತೆ, ನಾಲ್ಕು ಲೇಬಲ್, ಮರುದಿನ ಸಂಜೆ ಲಾರಿ. ಸೌಂಡಪ್ಪಣ್ಣ ಹೋದ ಮೇಲೆ ಬಿಡಿಸಿದ ಡಿಸೈನುಗಳು ಅವು. ಕಾರಮಡೈಯ ಡಿಸ್ಕಿನಲ್ಲಿರುವ ಸಾಧ್ಯತೆಯೇ ಇಲ್ಲ. ಮಗ್ಗದ ನೆನಪಿನಲ್ಲಿ ನಾಲ್ಕರಲ್ಲಿ ಒಂದು ಮಾತ್ರ ಉಳಿದಿತ್ತು. ಎಕ್ಸ್‌ಪೋರ್ಟ್ ಕಂಪನಿಯವರು ಆಗಲೇ ಒಮ್ಮೆ ಫೋನು ಮಾಡಿ ಲೇಬಲ್ ಎಲ್ಲಿಗೆ ಬಂತು ಎಂದು ಕೇಳಿಯಾಗಿತ್ತು. ನನ್ನ ಕೈ ತಾನಾಗಿ ಮೊಬೈಲು ತೆಗೆದು ಸೌಂಡಪ್ಪಣ್ಣನ ನಂಬರು ಒತ್ತಿತು. ರಿಂಗಾಗುತ್ತಿದ್ದಾಗ ನೆನಪಾಗಿ ಕತ್ತರಿಸಿದೆ. ಹಿಂದೆ ಎಂದೂ ನಾನು ಹೆದರಿದ್ದೇ ಇಲ್ಲ, ಬರೀ ಅಭ್ಯಾಸ ಮಾಡಿಕೊಂಡಿದ್ದೆ ಅನ್ನಿಸಿತು.

ಆಗ ಕವಿತಾ ಕೈತೊಳೆಯುವ ಕಡೆಯಿಂದ ಒಂದು ಟವೆಲ್ಲು ತಂದಳು. ಅರಿಸಿನ ಬಳಿದುಕೊಂಡು ಕೂತಿದ್ದ ಡಿಸೈನ್ ಕಂಪ್ಯೂಟರಿನ ಮೇಲೆ ಸುಕ್ಕಿಲ್ಲದಂತೆ ಹೊದಿಸಿದಳು.

“ಇದು ಹೋಗಿಬಿಡ್ತು ಸಾರ್,” ಎಂದಳು, ನಮ್ಮ ಕನ್ನಡದಲ್ಲೇ. “ಇದೇನು ಮೊದಲನೇ ಸಾವಾ? ಪುಸ್ತಕ ಕೊಡಿ.”

ಮುದಿ ಕಂಪ್ಯೂಟರು ಹತ್ತು ನಿಮಿಷ ತೆಗೆದುಕೊಂಡು ಎದ್ದಿತು. ಪುಸ್ತಕದ ಕೊನೆಯ ಪುಟದಲ್ಲಿ ನಾಲ್ಕೂ ಲೇಬಲುಗಳ ಮೊದಲ ತುಂಡುಗಳಿದ್ದವು. ಮಗ್ಗದಲ್ಲಿ ಉಳಿದಿದ್ದ ಒಂದು ಅಳತೆ ಮೊದಲು ಓಡಲು ಶುರುವಾಯಿತು. ಕವಿತಾ ಎಳೆ ಎಣಿಸಿದಳು, ನಾನು ಚೌಕಳಿಯಲ್ಲಿ ಗುರುತು ಹಾಕಿದೆ. ಎರಡು ಸಲ ತಪ್ಪು ಹಾಕಿದ ಮೇಲೆ ನನ್ನ ಕೈಯಿಂದ ಪೆನ್ಸಿಲು ಕಿತ್ತುಕೊಂಡಳು. “ನೀವು ಹೋಗಿ ಬೀಗ ಹಾಕಿದೆಯಾ ನೋಡಿ ಬನ್ನಿ ಸಾರ್.” ಉಳಿದ ಮೂರರಲ್ಲಿ ಆವತ್ತು ಸಂಜೆಗೆ ಎರಡು ಲೇಬಲ್, ಮರುದಿನ ಮಧ್ಯಾಹ್ನದೊಳಗೆ ಮೂರನೆಯದು. ನಾಲ್ಕು ಗಂಟೆಗೆ ಕೊನೆಯ ಕಟ್ಟು ಹೊತ್ತು ಗಾಡಿ ಹೊರಟಿತು. ಲಾರಿ ಕಾಯಲಿಲ್ಲ.

ಉಳಿದ ಹಳೆಯ ಡಿಸೈನುಗಳಿಗಾಗಿ ಅದರ ಮರುದಿನ ಅವಿನಾಶಿ, ಅನ್ನೂರು ದಾರಿಯಾಗಿ ಕಾರಮಡೈಗೆ ಹೋದೆ. ಅಕ್ಕ ಬಾಗಿಲು ತೆರೆದು ನನ್ನ ಮುಖ ನೋಡಿದರು. ಒಳಗೆ ಹೋಗಿ ಡಿಸ್ಕು ತಂದರು, ಆದರೆ ಕೊಡಲಿಲ್ಲ.

“ಯಾರಾದರೂ ಇದನ್ನ ಕೇಳಿಕೊಂಡು ಓಡಿ ಬಂದರೆ, ಮೊದಲು ನೀನೇ ಮಾಡಿ ನೋಡಿದೆಯಾ ಅಂತ ಕೇಳು, ಆಮೇಲೆ ಕೊಡು ಅಂದಿದ್ದರು. ನೋಡಿದೆಯಾ ತಂಬಿ?”

“ಮಾಡಿ ಮುಗಿಸಿಯೇ ಬಂದಿದೀನಿ ಅಕ್ಕ. ಮಾಡಿದ್ದು ಕವಿತಾ.”

ಅಕ್ಕ ನಕ್ಕರು, ಡಿಸ್ಕು ಕೊಟ್ಟರು, ಟೀ ಇಟ್ಟರು. ನನ್ನ ಕಾಲ್ ಬಂದಿತ್ತಂತೆ. “ಎತ್ತೋದರೊಳಗೆ ನಿಂತುಹೋಯ್ತು. ಒಳ್ಳೇದೇ ಆಯ್ತು, ಎತ್ತಿದ್ದರೆ ಇಬ್ಬರೂ ಅಳುತ್ತಿದ್ದೆವು.” ಆ ಡಿಸ್ಕು ಕಾಪಿಯಾಗಿ ಮುಂದಿನ ವಾರವೇ ಅವರ ಮನೆಗೆ ವಾಪಸಾಯಿತು. ಇನ್ನೊಂದು ಸೂರು ಬೇಕಲ್ಲ, ಅದಕ್ಕಿಂತ ನಂಬಿಕೆಯ ಸೂರು ನನಗೆ ಗೊತ್ತಿಲ್ಲ. ಎರಡು ತಿಂಗಳಿಗೊಮ್ಮೆ ಈಗ ಬಸ್ಸು ಹತ್ತುವವನು ನಾನು. ಕಳೆದ ಸಲ ಹೊರಡುವಾಗ ಅಕ್ಕ ಗೂಟದಲ್ಲಿದ್ದ ಕೆಂಪಂಚಿನ ಟವೆಲ್ಲು ತೆಗೆದು, ಕೊಡವಿ, ನನ್ನ ಚೀಲದಲ್ಲಿ ತುರುಕಿದರು.

ಮರುದಿನ ಬೆಳಗ್ಗೆ ಒಂಬತ್ತೂವರೆಗೆ ಆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಆಫೀಸಿಗೆ ಹೋದೆ. ಚಪ್ಪಲಿ ಹೊರಗೆ ಬಿಟ್ಟೆ. ಕವಿತಾ ಹೊಸದೂ ಸೇರಿ ಮೂರು ಕಂಪ್ಯೂಟರುಗಳ ಕಡೆ ನೋಡಿದಳು, ಇವತ್ತು ಯಾವುದು ಎನ್ನುವ ಹಾಗೆ. ನಾನು ಮೂಲೆಯ ಪ್ಲಾಸ್ಟಿಕ್ ಕುರ್ಚಿಗೆ ಹೋಗಿ ಕೂತೆ.

“ಇವತ್ತು ಹೋಗಿರೋದು ನಾನು,” ಎಂದೆ. ಟವೆಲ್ಲು ತಲೆಯ ಮೇಲೆ ಎಳೆದುಕೊಂಡೆ.

ಒಳಗೆ ಬೆಳಕು ಕೆಂಪಗಿತ್ತು. ಫೋನು ಬಂತು, ಯಾರೋ ಎತ್ತಿದರು. ನೂಲಿನವನು ಬಂದ, ಯಾರೋ ಮಾತಾಡಿ ಕಳಿಸಿದರು. “ಸಾರ್ ಎಲ್ಲಿ?” ಎಂದು ಅವನು ಕೇಳಿದ್ದಕ್ಕೆ ಕವಿತಾ “ಇಲ್ಲ” ಎಂದಳು, ಸ್ವಲ್ಪವೂ ತಡವರಿಸದೆ. ಬೀಗದ ನೆನಪಾಗಿ ಎರಡು ಸಲ ಏಳಲು ಹೋದೆ. ಎರಡು ಸಲವೂ ಕೂತೆ. ಆರೂ ಮಗ್ಗಗಳು ಒಂದೇ ಸಮನೆ ಓಡುತ್ತಿದ್ದವು. ಹನ್ನೊಂದಕ್ಕೆ ಟೀ ಬಂತು. ಟವೆಲ್ಲಿನ ಅಡಿಯಿಂದ ಕೈ ಚಾಚಿದೆ.

ಸಕ್ಕರೆ ಸರಿಯಾಗಿತ್ತು.